ಸ್ಕ್ಲೀರಲ್ ಲೆನ್ಸ್ ಹಾಕಿದ್ರೆ ಕಣ್ಣಿನ ಆಕಾರ ಬದಲಾಗುತ್ತಾ? ಕೆರಟೋಕೋನಸ್ ಇರೋರು ಪದೇ ಪದೇ ಕೇಳೋ ಪ್ರಶ್ನೆಗಳು

ನಾನು ಇರೋದು ಡೊಂಬಿವಲಿ, ಕೆಲಸ ದಾದರ್ ಹತ್ರ. ಎರಡೂ ಕಣ್ಣಿಗೆ ಕೆರಟೋಕೋನಸ್, ಒಂಬತ್ತು ವರ್ಷದಿಂದ ಸ್ಕ್ಲೀರಲ್ ಲೆನ್ಸ್, ಅಂದ್ರೆ ಬಿಳಿ ಗುಡ್ಡೆ ಮೇಲೆ ಕೂರೋ ದೊಡ್ಡ ಗಟ್ಟಿ ಕಾಂಟ್ಯಾಕ್ಟ್ ಲೆನ್ಸ್ ಹಾಕ್ತಿದೀನಿ. ಡಾಕ್ಟರ್ ಅಲ್ಲ. ಆದ್ರೆ ಮಾಟುಂಗಾದಲ್ಲಿ ಕನ್ನಡದವರ ಕಾರ್ಯಕ್ರಮಕ್ಕೆ ಹೋದ್ರೆ ಯಾರಾದ್ರೂ ಒಬ್ಬರು ಪಕ್ಕಕ್ಕೆ ಕರೆದು "ನಮ್ಮ ಹುಡುಗನಿಗೂ ಅದೇ ಅಂತೆ ಕಣ್ರೀ" ಅಂತಾರೆ, ಊರಿಂದ ಫೋನ್ ಬರುತ್ತೆ, ಪುಣೆಯಿಂದ ಮೆಸೇಜ್ ಬರುತ್ತೆ. ಎಲ್ಲರೂ ಸುತ್ತಿ ಬಳಸಿ ಕೊನೆಗೆ ಬರೋದು ಒಂದೇ ಜಾಗಕ್ಕೆ, ಲೆನ್ಸ್ ಹಾಕಿದ್ರೆ ಕಣ್ಣು ಸರಿಹೋಗುತ್ತಾ ಇಲ್ಲ ಇನ್ನೂ ಕೆಡುತ್ತಾ ಅಂತ. ಅವರು ಕೇಳಿದ ಮಾತಲ್ಲೇ ಪ್ರಶ್ನೆ ಬರೆದು ಒಂದು ಕಡೆ ಹಾಕಿದೀನಿ.

## ಮೊದಲು ಬುಡದಿಂದ

ಕೆರಟೋಕೋನಸ್ ಅಂದ್ರೆ ಏನು, ನಂಬರ್ ಜಾಸ್ತಿ ಆಗೋದೇ ತಾನೇ?

ಅಲ್ಲ. ಕಣ್ಣಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ಪಾರದರ್ಶಕ ಪದರ ಇರುತ್ತೆ, ಅದೇ ಕಾರ್ನಿಯಾ. ಸಾಮಾನ್ಯವಾಗಿ ನಡುಮಧ್ಯದಲ್ಲಿ ಅರ್ಧ ಮಿಲಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ದಪ್ಪ, ಸುಮಾರು 540 ಮೈಕ್ರಾನ್. ಕೆರಟೋಕೋನಸ್ ಇದ್ರೆ ಅದು ತೆಳ್ಳಗಾಗ್ತಾ ಆಗ್ತಾ ಮುಂದಕ್ಕೆ ಉಬ್ಬುತ್ತೆ, ಹೆಚ್ಚಾಗಿ ಮಧ್ಯಕ್ಕಿಂತ ಸ್ವಲ್ಪ ಕೆಳಗೆ. ಹದಿಹರೆಯದಲ್ಲಿ ಶುರುವಾಗಿ ಮೂವತ್ತು ದಾಟೋವರೆಗೂ ಮುಂದುವರೀಬಹುದು. ಅಲರ್ಜಿ ಇದ್ದು ಕಣ್ಣು ಉಜ್ಜೋ ಅಭ್ಯಾಸ ಇರೋರಿಗೆ ಇದರ ಕಾಟ ಜಾಸ್ತಿ.

ಇದು ಅಪರೂಪದ ರೋಗ ಅಂತ ನಮಗೆ ಹೇಳಿದ್ರು, ಆದ್ರೆ ನಮ್ಮ ಕಡೆ ಅಷ್ಟೇನೂ ಅಪರೂಪ ಅಲ್ಲ. ಇದೇ ಮಹಾರಾಷ್ಟ್ರದಲ್ಲಿ, ನಾಗಪುರದ ಸುತ್ತಿನ ಹಳ್ಳಿಗಳಲ್ಲಿ 30 ವರ್ಷ ದಾಟಿದವರ ಕಣ್ಣು ನೋಡಿ 2009ರಲ್ಲಿ ಒಂದು ಅಧ್ಯಯನ ಪ್ರಕಟ ಆಯ್ತು, ಕಾರ್ನಿಯಾದ ಪವರ್ (ಬೆಳಕನ್ನ ಬಗ್ಗಿಸೋ ಶಕ್ತಿ, ಡಯಾಪ್ಟರಲ್ಲಿ ಅಳೀತಾರೆ, ಕಾರ್ನಿಯಾ ಕಡಿದಾದಷ್ಟೂ ಜಾಸ್ತಿ) 48 ಡಯಾಪ್ಟರ್ ಮೀರಿದವರನ್ನ ಲೆಕ್ಕ ಹಾಕಿದಾಗ ನೂರಕ್ಕೆ 2.3 ಜನ ಸಿಕ್ರು. ಸಾಮಾನ್ಯ ಕಣ್ಣಲ್ಲಿ ಆ ಪವರ್ 43, 44ರ ಆಸುಪಾಸು ಇರುತ್ತೆ.

ಸ್ಕ್ಲೀರಲ್ ಲೆನ್ಸ್ ಅಷ್ಟು ದೊಡ್ಡದ್ಯಾಕೆ? ನೋಡಿದ್ರೇ ಭಯ ಆಗುತ್ತೆ

ನನಗೂ ಆಗಿತ್ತು, ಇದನ್ನ ಕಣ್ಣೊಳಗೆ ಹೇಗ್ರೀ ಹಾಕೋದು ಅಂತ ಬೆವರಿದ್ದೆ. ಮಾಮೂಲಿ ಗಟ್ಟಿ ಲೆನ್ಸು 9, 10 ಮಿಲಿಮೀಟರ್ ಅಗಲ, ಕಾರ್ನಿಯಾ ಮೇಲೆಯೇ ಕೂರುತ್ತೆ. ಸ್ಕ್ಲೀರಲ್ ಹೆಚ್ಚಾಗಿ 15ರಿಂದ 18 ಮಿಲಿಮೀಟರ್, ಇನ್ನೂ ದೊಡ್ಡದೂ ಇದೆ. ಅಷ್ಟು ದೊಡ್ಡದು ಯಾಕೆ ಅಂದ್ರೆ ಅದು ಕಾರ್ನಿಯಾನ ಮುಟ್ಟಲೇಬಾರದು. ಅಂಚು ಬಿಳಿ ಗುಡ್ಡೆ ಮೇಲೆ ಕೂರುತ್ತೆ, ಮಧ್ಯದ ಭಾಗ ಉಬ್ಬಿದ ಕಾರ್ನಿಯಾ ಮೇಲೆ ಸೇತುವೆ ಥರ ನಿಲ್ಲುತ್ತೆ, ನಡುವಿನ ಜಾಗದಲ್ಲಿ ಸಲೈನ್, ಅಂದ್ರೆ ಶುದ್ಧ ಮಾಡಿದ ಉಪ್ಪಿನ ದ್ರಾವಣ ತುಂಬಿರುತ್ತೆ. ಈ ಒಂದು ಮಾತು ತಲೆಯಲ್ಲಿ ಇಟ್ಕೊಳ್ಳಿ, ಮುಂದಿನ ಅರ್ಧ ಪ್ರಶ್ನೆಗೆ ಉತ್ತರ ಇದರಲ್ಲೇ ಇದೆ. ಮತ್ತೆ ನೋವಿನ ವಿಷಯ, ಕಾರ್ನಿಯಾದಲ್ಲಿ ನರಗಳು ತುಂಬಾ, ಬಿಳಿ ಭಾಗದಲ್ಲಿ ಅಷ್ಟು ಸೂಕ್ಷ್ಮ ಇಲ್ಲ, ಹಾಗಾಗಿ ಈ ದೊಡ್ಡ ಲೆನ್ಸೇ ಸಣ್ಣ ಗಟ್ಟಿ ಲೆನ್ಸಿಗಿಂತ ಹಾಯಾಗಿರುತ್ತೆ.

ಕನ್ನಡಕದಲ್ಲಿ ಕಾಣದೇ ಇರೋದು ಇದರಲ್ಲಿ ಹೇಗೆ ಕಾಣುತ್ತೆ?

ಡಾಂಬರು ಕಿತ್ತೋದ ರಸ್ತೆ ಮೇಲೆ ಮಳೆ ನೀರು ನಿಂತ್ರೆ ಮೇಲಿಂದ ಸಮ ಕಾಣುತ್ತಲ್ಲ, ಹಾಗೆ. ಕಾರ್ನಿಯಾದ ಏರುಪೇರನ್ನ ಲೆನ್ಸ್ ಕೆಳಗಿನ ಸಲೈನ್ ತುಂಬಿಬಿಡುತ್ತೆ, ಬೆಳಕಿಗೆ ಮೊದಲು ಸಿಗೋದು ಲೆನ್ಸಿನ ನುಣುಪಾದ ಮೇಲ್ಮೈ. ನೀರೂ ಕಾರ್ನಿಯಾನೂ ಬೆಳಕನ್ನ ಬಗ್ಗಿಸೋ ಶಕ್ತಿಯಲ್ಲಿ ಹತ್ರ ಹತ್ರ ಇರೋದ್ರಿಂದ (1.336, 1.376) ಮುಂಭಾಗದ ಏರುಪೇರು ಬಹುಪಾಲು ಅಳಿಸಿಹೋಗುತ್ತೆ. ಕಾರ್ನಿಯಾದ ಹಿಂಭಾಗದ ಏರುಪೇರು ಮಾತ್ರ ಹಾಗೇ ಉಳಿಯುತ್ತೆ, ಅದಕ್ಕೇ ಲೆನ್ಸ್ ಹಾಕಿದ್ರೂ ರಾತ್ರಿ ಬೀದಿದೀಪಕ್ಕೆ ಸಣ್ಣ ಬಾಲ ಕಾಣೋದು. ಅದು ಫಿಟ್ಟಿಂಗ್ ತಪ್ಪಾಗಿದ್ದಕ್ಕೇ ಅಂತ ಅಂದ್ಕೋಬೇಡಿ.

ಇದು ಹೊಸ ಟೆಕ್ನಾಲಜಿನಾ? ನಮ್ಮ ಮೇಲೆ ಪ್ರಯೋಗ ಮಾಡ್ತಿದಾರಾ?

ಕಾಂಟ್ಯಾಕ್ಟ್ ಲೆನ್ಸ್ ಅನ್ನೋದು ಶುರುವಾಗಿದ್ದೇ ಸ್ಕ್ಲೀರಲ್ ಆಗಿ. 1888ರಲ್ಲಿ ಜ್ಯೂರಿಕ್‌ನಲ್ಲಿ ಅಡಾಲ್ಫ್ ಫಿಕ್, ಪ್ಯಾರಿಸ್‌ನಲ್ಲಿ ಯೂಜೀನ್ ಕಾಲ್ಟ್ ಗಾಜಿನ ಲೆನ್ಸ್ ಮಾಡಿ ಹಾಕಿದ್ರು, ಕಾಲ್ಟ್ ಹಾಕಿದ್ದೂ ಕೆರಟೋಕೋನಸ್‌ಗೇ. ಗಾಜಿನಲ್ಲಿ ಆಮ್ಲಜನಕ ಹಾಯಲ್ಲ, ಕೆಲವೇ ಗಂಟೆಗೆ ಕಣ್ಣು ಕೆಂಪಗಾಗಿ ತೆಗೀಬೇಕಿತ್ತು. 1980ರ ದಶಕದಲ್ಲಿ ಆಮ್ಲಜನಕ ಹಾಯೋ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ಸ್ಕ್ಲೀರಲ್ ಮಾಡೋಕೆ ಶುರು ಮಾಡಿದ ಮೇಲೇನೇ ದಿನವಿಡೀ ಹಾಕೋ ಹಾಗಾಗಿದ್ದು.

## ಆಕಾರದ ವಿಷಯ

ಹಲ್ಲಿಗೆ ಕ್ಲಿಪ್ ಹಾಕಿದ ಹಾಗೆ, ಹಾಕ್ತಾ ಹಾಕ್ತಾ ಕಾರ್ನಿಯಾ ಒಳಗೆ ಹೋಗಿ ಸರಿಯಾಗುತ್ತಾ?

ಇಲ್ಲ. ಇದನ್ನ ಕೇಳೋರ ಮುಖದಲ್ಲಿ ಎಷ್ಟು ಆಸೆ ಇರುತ್ತೆ ಅಂತ ಗೊತ್ತು, ಆದ್ರೂ ಇಲ್ಲ ಅಂತಲೇ ಹೇಳ್ಬೇಕು. ಕ್ಲಿಪ್ಪು ಹಲ್ಲನ್ನ ಹಿಡಿದು ಒತ್ತುತ್ತೆ, ಸರಿಯಾಗಿ ಕೂತ ಸ್ಕ್ಲೀರಲ್ಲು ಕಾರ್ನಿಯಾನ ಮುಟ್ಟೋದೇ ಇಲ್ಲ. ತೆಳ್ಳಗಾದ ಪದರ ಅದರಿಂದ ದಪ್ಪ ಆಗಲ್ಲ, ಸಡಿಲ ಆಗಿರೋ ಕೊಲಾಜನ್ ಎಳೆಗಳು ಬಿಗಿ ಆಗಲ್ಲ. ಲೆನ್ಸ್ ಹಾಕಿದಾಗ ಲೋಕ ನೆಟ್ಟಗೆ ಕಾಣುತ್ತೆ, ತೆಗೆದಾಗ ಕಣ್ಣು ಇದ್ದ ಹಾಗೇ ಇರುತ್ತೆ.

ಉಲ್ಟಾ ಭಯಾನೂ ಇದೆ, ಲೆನ್ಸ್ ಹಾಕಿದ್ರೆ ರೋಗ ಬೇಗ ಏರುತ್ತೆ ಅಂತ. ಕಾರ್ನಿಯಾ ಮುಟ್ಟದ, ಚೆನ್ನಾಗಿ ಫಿಟ್ ಆದ ಸ್ಕ್ಲೀರಲ್‌ನಿಂದ ಹಾಗೆ ಆಗುತ್ತೆ ಅನ್ನೋಕೆ ಆಧಾರ ಇಲ್ಲ. ಕೋನ್, ಅಂದ್ರೆ ಕಾರ್ನಿಯಾದ ಉಬ್ಬಿದ ಭಾಗ, ಅದರ ತುದಿಗೆ ದಿನಾ ತಿಕ್ಕೋ ಹಾಗೆ ಕೂತ ಸಣ್ಣ ಗಟ್ಟಿ ಲೆನ್ಸಿಂದ ಅಲ್ಲಿ ಕಲೆ ಬೀಳಬಹುದು, ಆ ಮಾತು ಬೇರೆ.

ಹಾಗಾದ್ರೆ ನನ್ನ ರಿಪೋರ್ಟಲ್ಲಿ ಕೆ-ಮ್ಯಾಕ್ಸ್ ಕಡಿಮೆ ಬಂದಿದೆಯಲ್ಲ, ಅದೇನು?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ನಾನೇ ಇದರಲ್ಲಿ ಬಿದ್ದಿದೀನಿ.

ಲೆನ್ಸ್ ಹಾಕೋಕೆ ಶುರು ಮಾಡಿದ ಎರಡನೇ ವರ್ಷ ಟೊಪೋಗ್ರಫಿಗೆ ಹೋದೆ, ಅಂದ್ರೆ ಕಾರ್ನಿಯಾದ ನಕ್ಷೆ ತೆಗೆಯೋ ಸ್ಕ್ಯಾನು, ಕೆಂಪು ಹಳದಿ ಹಸಿರು ಬಣ್ಣದಲ್ಲಿ ಬರುತ್ತಲ್ಲ ಅದು. ಬೆಳಗ್ಗೆ ಲೆನ್ಸ್ ಹಾಕ್ಕೊಂಡೇ ಲೋಕಲ್ ಹತ್ತಿದ್ದೆ, ಅಲ್ಲಿ ಹೋಗಿ ತೆಗೆದು ಡಬ್ಬಿಗೆ ಹಾಕಿ ಹತ್ತು ನಿಮಿಷದಲ್ಲಿ ಮೆಷಿನ್ ಮುಂದೆ ಗದ್ದ ಇಟ್ಟೆ. ಯಾರೂ ಲೆನ್ಸ್ ಯಾವಾಗ ತೆಗೆದ್ರಿ ಅಂತ ಕೇಳಲಿಲ್ಲ, ನನಗೂ ಹೇಳಬೇಕು ಅಂತ ಗೊತ್ತಿರಲಿಲ್ಲ. ಎಡಗಣ್ಣಿನ ಕೆ-ಮ್ಯಾಕ್ಸ್, ಅಂದ್ರೆ ಅತಿ ಕಡಿದಾದ ಜಾಗದ ಪವರ್, ಹಿಂದಿನ ಸಲ 54.6 ಇತ್ತು, ಈಗ 53.4. ಇಳಿದಿದೆ! ಮನೆಗೆ ಬರ್ತಾ ಪೇಢಾ ತಂದೆ, ಅಮ್ಮ ದೇವರ ಮುಂದೆ ದೀಪ ಹಚ್ಚಿದ್ರು. ಎಂಟು ತಿಂಗಳಾದ ಮೇಲೆ ಬೇರೆ ಕಡೆ ತೋರಿಸಿದಾಗ ಅಲ್ಲಿ ಒಂದು ವಾರ ಲೆನ್ಸ್ ಬಿಟ್ಟು ಬನ್ನಿ ಅಂದ್ರು, ಬಿಟ್ಟು ಹೋದೆ, 55.5 ಬಂತು. ನನ್ನ ಕಣ್ಣು ಇಳಿದೇ ಇರಲಿಲ್ಲ, ಅಷ್ಟೂ ದಿನ ಏರ್ತಾನೇ ಇತ್ತು, ನಾನು ಪೇಢಾ ತಿಂತಿದ್ದೆ.

ಆಗಿದ್ದಿಷ್ಟೇ. ಗಂಟೆಗಟ್ಟಲೆ ಸ್ಕ್ಲೀರಲ್ ಹಾಕಿ ತೆಗೆದ ತಕ್ಷಣ ಕಾರ್ನಿಯಾ ಸ್ವಲ್ಪ ಚಪ್ಪಟೆ ಆಗಿರುತ್ತೆ, ಸ್ವಲ್ಪ ಊದಿರುತ್ತೆ. ಕೆರಟೋಕೋನಸ್ ಕಣ್ಣುಗಳಲ್ಲಿ ಇದನ್ನ ಅಳೆದು ನೋಡಿದಾರೆ, ಲೆನ್ಸ್ ತೆಗೆದ ಕೂಡಲೇ ಇರೋ ಕೆ-ಮ್ಯಾಕ್ಸಿಗೂ ಒಂದು ವಾರ ಬಿಟ್ಟ ಮೇಲಿನದಕ್ಕೂ ಸರಾಸರಿ ಒಂದು ಡಯಾಪ್ಟರ್ ಆಸುಪಾಸು ವ್ಯತ್ಯಾಸ ಕಂಡಿದೆ. ಅದು ಶಾಶ್ವತ ಅಲ್ಲ, ಕಣ್ಣಿಗೆ ಬಿಡುವು ಕೊಟ್ರೆ ವಾಪಸ್ ಬರುತ್ತೆ. ಆದ್ರೆ ರೋಗ ಮುಂದುವರೀತಿದೆ ಅಂತ ಡಾಕ್ಟರುಗಳು ತೀರ್ಮಾನ ಮಾಡೋಕೆ ನೋಡೋದೂ ಹೆಚ್ಚಾಗಿ ಅದೇ ಒಂದು ಡಯಾಪ್ಟರ್ ಏರಿಕೆನೇ. ಅಂದ್ರೆ ಲೆನ್ಸಿನ ಆಟ ರೋಗದ ಏರಿಕೆನ ಪೂರ್ತಿ ಮುಚ್ಚಿಹಾಕಬಹುದು. ಲೆನ್ಸಿಂದ ಆಕಾರಕ್ಕೆ ಆಗೋ ನಿಜವಾದ ಅಪಾಯ ಇದೇ ಅಂತ ನನ್ನ ಅಭಿಪ್ರಾಯ, ಕಣ್ಣು ಕೆಡೋದಲ್ಲ, ಕಣ್ಣಿನ ಲೆಕ್ಕ ಕೆಡೋದು.

ಸ್ಕ್ಯಾನಿಗೆ ಮುಂಚೆ ಎಷ್ಟು ದಿನ ಬಿಡ್ಬೇಕು? ಬಿಟ್ರೆ ಆಫೀಸಿಗೆ ಹೋಗೋದು ಹೇಗೆ?

ನಿಮ್ಮ ಡಾಕ್ಟರು ಹೇಳಿದಷ್ಟು. ನನಗೆ ಒಂದು ವಾರ ಹೇಳಿದಾರೆ. ಸಣ್ಣ ಗಟ್ಟಿ ಲೆನ್ಸ್ ಹಾಕೋರಿಗೆ ಇನ್ನೂ ಜಾಸ್ತಿ ವಾರ ಹೇಳ್ತಾರೆ. ದಿನಕ್ಕಿಂತ ಮುಖ್ಯವಾದ್ದು ಇನ್ನೊಂದಿದೆ, ಪ್ರತಿ ಸಲ ಒಂದೇ ಲೆಕ್ಕ ಇರಲಿ. ಒಂದು ಸಲ ಎರಡು ದಿನ ಬಿಟ್ಟು ಹೋಗಿ ಇನ್ನೊಂದು ಸಲ ಎರಡು ಗಂಟೆ ಬಿಟ್ಟು ಹೋದ್ರೆ ಆ ಎರಡು ರಿಪೋರ್ಟ್ ಪಕ್ಕ ಪಕ್ಕ ಇಟ್ಟು ಪ್ರಯೋಜನ ಇಲ್ಲ. ರಿಪೋರ್ಟಿನ ಮೂಲೆಯಲ್ಲಿ ಪೆನ್ನಲ್ಲಿ ಬರೆದಿಡಿ, ಲೆನ್ಸ್ ತೆಗೆದಿದ್ದು ಯಾವ ದಿನ ಎಷ್ಟು ಗಂಟೆಗೆ ಅಂತ. ಮೆಷಿನೂ ಆದಷ್ಟು ಒಂದೇ ಇರಲಿ, ಬೇರೆ ಬೇರೆ ಕಂಪನಿ ಮೆಷಿನಿನ ಅಂಕಿ ಒಂದಕ್ಕೊಂದು ತಾಳೆ ಆಗಲ್ಲ.

ಆಫೀಸಿನ ಮಾತಿಗೆ ಬಂದ್ರೆ, ನಾನು ಸ್ಕ್ಯಾನನ್ನ ಗಣಪತಿ ರಜೆಗೋ ದೀಪಾವಳಿಗೋ ಹೊಂದಿಸ್ಕೋತೀನಿ. ಒಂದೊಂದೇ ಕಣ್ಣಿಗೆ ಸರದಿ ಮೇಲೆ ಬಿಡೋರೂ ಇದಾರೆ, ಕೇಳಿ ನೋಡಿ.

ರಾತ್ರಿ ಲೆನ್ಸ್ ತೆಗೆದಾಗ ಬಿಳಿ ಗುಡ್ಡೆ ಮೇಲೆ ಸುತ್ತ ಗೆರೆ ಬಿದ್ದಿರುತ್ತೆ, ಕಣ್ಣು ಒಳಗೆ ಹೋಗ್ತಿದೆಯಾ?

ಬಿಗಿ ಬಳೆ ತೆಗೆದ ಮೇಲೆ ಕೈ ಮೇಲೆ ಗುರುತು ಉಳಿಯುತ್ತಲ್ಲ, ಅದೇ ಇದು. ಲೆನ್ಸಿನ ಅಂಚು ಕೂತ ಕಡೆ ಕಂಜಂಕ್ಟೈವಾ ಅನ್ನೋ ಮೆತ್ತಗಿನ ಪೊರೆ, ಅದರ ಕೆಳಗಿನ ಅಂಗಾಂಶ ಒತ್ತಿರುತ್ತೆ. ಹಗುರ ಗುರುತಾದ್ರೆ ಕೆಲವೇ ಗಂಟೆಯಲ್ಲಿ ಮಾಯ ಆಗುತ್ತೆ, ಬೆಳಗ್ಗೆ ಕನ್ನಡಿ ನೋಡಿದ್ರೆ ಇರಬಾರದು. ಆಳವಾಗಿ ಬಿದ್ದಿದ್ರೆ, ಅಲ್ಲಿ ನೋವಿದ್ರೆ, ಲೆನ್ಸ್ ಹಾಕಿದಾಗ ಆ ಜಾಗದ ರಕ್ತನಾಳಗಳು ಬೆಳ್ಳಗೆ ಬಿಳುಚಿಕೊಂಡಿದ್ರೆ, ತೆಗೆದ ಮೇಲೆ ಕೆಂಪು ಉಂಗುರ ಇಡೀ ರಾತ್ರಿ ಇದ್ರೆ ಅಂಚು ಬಿಗಿ ಇದೆ ಅಂತ ಅರ್ಥ.

ಬಿಳಿ ಗುಡ್ಡೆ ದುಂಡಗಿರುತ್ತೆ ಅಂತ ನಾವು ಅಂದ್ಕೊಂಡಿರ್ತೀವಿ, ಇರಲ್ಲ. ಮೂಗಿನ ಕಡೆ ಚಪ್ಪಟೆ, ಕಿವಿ ಕಡೆ ಬೇರೆ ಇಳಿಜಾರು. ಅದಕ್ಕೇ ಈಗಿನ ಲೆನ್ಸುಗಳ ಅಂಚನ್ನ ಒಂದೊಂದು ದಿಕ್ಕಿಗೆ ಒಂದೊಂದು ಥರ ಕೆತ್ತುತ್ತಾರೆ, ಟೋರಿಕ್ ಅಂಚು ಅಂತಾರೆ. ನನ್ನ ಬಲಗಣ್ಣಿಗೆ ಅದು ಬದಲಾಯಿಸಿದ ಮೇಲೆ ಗೆರೆ ಕಾಣಿಸೋದೇ ನಿಂತಿತು.

ಲೆನ್ಸಿಂದ ಕಾರ್ನಿಯಾ ಊದುತ್ತೆ ಅಂತಾರೆ, ಅದು ಶಾಶ್ವತವಾಗಿ ಆಕಾರ ಕೆಡಿಸಲ್ವಾ?

ಕಾರ್ನಿಯಾಕ್ಕೆ ರಕ್ತನಾಳ ಇಲ್ಲ, ಆಮ್ಲಜನಕ ಹೆಚ್ಚಾಗಿ ಗಾಳಿಯಿಂದ ಬರಬೇಕು. ಸ್ಕ್ಲೀರಲ್ ಹಾಕಿದಾಗ ಅದು ಮೊದಲು ಲೆನ್ಸ್ ದಾಟಿ ಆಮೇಲೆ ಸಲೈನ್ ದಾಟಿ ಬರಬೇಕು, ಸ್ವಲ್ಪ ಕಡಿಮೆ ಆಗುತ್ತೆ, ಕಾರ್ನಿಯಾ ಸ್ವಲ್ಪ ನೀರು ಹಿಡ್ಕೊಳ್ಳುತ್ತೆ. ಚೆನ್ನಾಗಿ ಫಿಟ್ ಆದ ಲೆನ್ಸಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರೊಳಗೆ. 450 ಮೈಕ್ರಾನ್ ಕಾರ್ನಿಯಾದಲ್ಲಿ 2 ಶೇಕಡಾ ಅಂದ್ರೆ ಬರೀ 9 ಮೈಕ್ರಾನ್. ಲೆನ್ಸೇ ಇಲ್ಲದೆ ರಾತ್ರಿ ಕಣ್ಣು ಮುಚ್ಚಿ ಮಲಗಿದ್ರೂ ಎಲ್ಲರ ಕಾರ್ನಿಯಾ 3, 4 ಶೇಕಡಾ ಊದಿ ಬೆಳಗ್ಗೆ ಇಳಿಯುತ್ತೆ.

ಆದ್ರೆ ದೀಪದ ಸುತ್ತ ಕಾಮನಬಿಲ್ಲಿನ ಬಣ್ಣದ ಬಳೆ ಕಂಡ್ರೆ, ಲೆನ್ಸ್ ತೆಗೆದು ಹೊಸ ಸಲೈನ್ ಹಾಕಿದ್ರೂ ಮಂಜು ಹೋಗದಿದ್ರೆ ಊತ ಮಿತಿ ಮೀರಿದೆ, ಲೆನ್ಸ್ ನಿಲ್ಲಿಸಿ ತೋರಿಸಿ. ಇನ್ನೊಂದು ಸಣ್ಣ ಎಚ್ಚರಿಕೆ. ಊತದಿಂದಾಗಿ ಸ್ಕ್ಯಾನಲ್ಲಿ ಕಾರ್ನಿಯಾ ಇರೋದಕ್ಕಿಂತ ದಪ್ಪ ಕಾಣುತ್ತೆ, ಕ್ರಾಸ್ ಲಿಂಕಿಂಗ್ (ರೋಗ ಏರೋದನ್ನ ತಡೆಯೋ ಚಿಕಿತ್ಸೆ, ಮುಂದೆ ಹೇಳ್ತೀನಿ) ಮಾಡಬಹುದಾ ಅಂತ ದಪ್ಪ ಅಳೆಯೋ ದಿನ ಇದು ಸಣ್ಣ ವಿಷಯ ಅಲ್ಲ.

ಲೆನ್ಸ್ ತೆಗೆದ ಮೇಲೆ ಕನ್ನಡಕ ಹಾಕಿದ್ರೆ ಮೊದಲಿಗಿಂತ ಮಬ್ಬು, ಕಣ್ಣು ಕೆಟ್ಟಿತಾ?

ತೆಗೆದ ಮೊದಲ ಒಂದೆರಡು ಗಂಟೆ ಹಾಗೆ ಅನ್ಸುತ್ತೆ. ಆಕಾರದ ಆ ಸಣ್ಣ ಬದಲಾವಣೆ ಒಂದು ಕಾರಣ, ಇಡೀ ದಿನ ಸ್ಪಷ್ಟವಾಗಿ ನೋಡಿದ ಮೆದುಳಿಗೆ ಹಳೇ ಮಬ್ಬು ಈಗ ಜಾಸ್ತಿ ಕಾಣೋದು ಇನ್ನೊಂದು.

## ದಿನನಿತ್ಯದ ಗೋಳು

ಬೆಳಗ್ಗೆ ಸ್ಪಷ್ಟ, ಮಧ್ಯಾಹ್ನದ ಹೊತ್ತಿಗೆ ಹೊಗೆ ಹೊಗೆ. ಲೆನ್ಸ್ ಆಕಾರ ಬದಲಾಯ್ತಾ?

ಲೆನ್ಸ್ ಹಾಗೇ ಇದೆ, ಕೆಳಗಿನ ನೀರು ಕದಡಿದೆ. ಕಣ್ಣೀರಿನ ಜಿಡ್ಡು, ಲೋಳೆ, ಸತ್ತ ಜೀವಕೋಶ ಅಂಚಿನಿಂದ ಒಳಗೆ ಸೇರಿ ಸಲೈನ್ ಮಜ್ಜಿಗೆ ನೀರಿನ ಹಾಗಾಗುತ್ತೆ. ದಾದರ್ ಸ್ಟೇಷನ್ನಲ್ಲಿ ಇಂಡಿಕೇಟರ್ ಬೋರ್ಡಿನ ಕೆಂಪು ಅಕ್ಷರ ಒಂದಕ್ಕೊಂದು ಅಂಟಿಕೊಂಡು ಕಲ್ಯಾಣ್ ಯಾವುದು ಕರ್ಜತ್ ಯಾವುದು ತಿಳಿಯದೆ ಪಕ್ಕದವರನ್ನ ಕೇಳಿ ಟ್ರೈನ್ ಹತ್ತಿದ ದಿನಗಳಿವೆ. ಪರಿಹಾರ, ಕೈ ತೊಳೆದು ತೆಗೆದು, ಹೊಸ ಸಲೈನ್ ತುಂಬಿ ಮತ್ತೆ ಹಾಕೋದು. ದಿನಾ ಎರಡು ಮೂರು ಸಲ ಮಾಡ್ಬೇಕಾದ್ರೆ ಅಂಚು ಎಲ್ಲೋ ಎದ್ದಿದೆ ಅಥವಾ ಕೆಳಗಿನ ಜಾಗ ಜಾಸ್ತಿ ಇದೆ, ಫಿಟ್ಟಿಂಗ್ ನೋಡಿಸಿ. ಅಲರ್ಜಿ ಇದ್ರೆ ಅದಕ್ಕೂ ಔಷಧಿ ಬೇಕು.

ಕುದಿಸಿ ಆರಿಸಿದ ನೀರು ತುಂಬಬಹುದಾ? ಸಲೈನ್ ಸಿಗದಿದ್ರೆ?

ಬೇಡ. ನಲ್ಲಿ ನೀರು, ಫಿಲ್ಟರ್ ನೀರು, ಕುದಿಸಿದ ನೀರು ಯಾವುದೂ ಬೇಡ. ಅಕಾಂತಮೀಬಾ ಅನ್ನೋ ಜೀವಿ ನೀರಿಂದ ಬಂದು ಕಾರ್ನಿಯಾ ತಿಂದು ಹಾಕುತ್ತೆ, ಅದರ ಚಿಕಿತ್ಸೆ ತಿಂಗಳುಗಟ್ಟಲೆ. ಪ್ರಿಸರ್ವೇಟಿವ್ ಇಲ್ಲದ ಸಲೈನೇ ಬೇಕು, ಯಾಕಂದ್ರೆ ಆ ನೀರು ಹತ್ತು ಗಂಟೆ ಕಣ್ಣಿಗೆ ಅಂಟಿಕೊಂಡೇ ಇರುತ್ತೆ. ಮಳೆಗಾಲದಲ್ಲಿ ಟ್ರೈನ್ ನಿಂತು ದಾರಿಯಲ್ಲೇ ರಾತ್ರಿ ಆದ್ರೆ ಅಂತ ನಾನು ಬ್ಯಾಗಲ್ಲಿ ಯಾವಾಗ್ಲೂ ಒಂದು ಜೊತೆ ಸಲೈನ್ ವಯಲ್, ಲೆನ್ಸ್ ಹಿಡಿದು ತೆಗೆಯೋ ಪುಟ್ಟ ಪ್ಲಂಜರ್, ಡಬ್ಬಿ ಇಟ್ಕೊಂಡಿರ್ತೀನಿ.

ಹಾಕ್ಕೊಂಡೇ ಮಲಗಬಹುದಾ?

ಇಲ್ಲ. ಮಧ್ಯಾಹ್ನದ ನಿದ್ದೆಗೂ ಬೇಡ.

## ಸ್ವಲ್ಪ ಆಳಕ್ಕೆ

ಸ್ಕ್ಲೀರಲ್ ಹಾಕ್ತಿದೀನಿ, ಚೆನ್ನಾಗಿ ಕಾಣ್ತಿದೆ. ಇನ್ನು ಕ್ರಾಸ್ ಲಿಂಕಿಂಗ್ ಯಾಕೆ?

ಎರಡರ ಕೆಲಸ ಬೇರೆ. ಲೆನ್ಸ್ ಕಾಣಿಸುತ್ತೆ, ಕ್ರಾಸ್ ಲಿಂಕಿಂಗ್ ತಡೆಯುತ್ತೆ. ರೈಬೋಫ್ಲೇವಿನ್ ಅಂದ್ರೆ ವಿಟಮಿನ್ ಬಿ-2 ಹನಿ ಹಾಕಿ, 365 ನ್ಯಾನೋಮೀಟರಿನ ಅತಿನೇರಳೆ ಬೆಳಕು ಬಿಟ್ಟು ಕಾರ್ನಿಯಾದ ಎಳೆಗಳ ನಡುವೆ ಹೊಸ ಗಂಟು ಹಾಕಿಸ್ತಾರೆ. ಜರ್ಮನಿಯ ಡ್ರೆಸ್ಡನ್‌ನಲ್ಲಿ ಬೆಳೆದ ವಿಧಾನ, ರೋಗಿಗಳ ಮೇಲಿನ ಮೊದಲ ವರದಿ 2003ರಲ್ಲಿ ಬಂತು. ಮೂಲ ವಿಧಾನಕ್ಕೆ ಮೇಲ್ಪದರ ತೆಗೆದ ಮೇಲೆ ಕಾರ್ನಿಯಾ ಕನಿಷ್ಠ 400 ಮೈಕ್ರಾನ್ ಇರಬೇಕು, ಹಾಗಾಗಿ ತಡ ಮಾಡಿದ್ರೆ ದಾರಿ ಕಿರಿದಾಗ್ತಾ ಹೋಗುತ್ತೆ. ರೋಗ ಏರ್ತಿದ್ರೆ ಮಾತ್ರ ಇದು ಬೇಕು, ನಿಂತಿದ್ರೆ ಬೇಡ. ಏರ್ತಿದೆಯಾ ನಿಂತಿದೆಯಾ ಅಂತ ತಿಳಿಯೋದು ನೆಟ್ಟಗೆ ತೆಗೆದ ಸ್ಕ್ಯಾನಿಂದಲೇ. ನಾನು ಮಾಡಿಸ್ಕೊಂಡೆ, ಎಂಟು ತಿಂಗಳು ತಡವಾಗಿ.

ಕ್ರಾಸ್ ಲಿಂಕಿಂಗ್ ಆದ ಮೇಲೆ ಹಳೇ ಲೆನ್ಸೇ ನಡೆಯುತ್ತಾ?

ಗಾಯ ಪೂರ್ತಿ ಮಾಯೋವರೆಗೂ ಯಾವ ಸ್ಕ್ಲೀರಲ್ಲೂ ಬೇಡ, ಡಾಕ್ಟರು ಹೂಂ ಅನ್ನಬೇಕು. ಆಮೇಲೆ ಬಹಳ ಜನಕ್ಕೆ ಹಳೇದೇ ಕೂರುತ್ತೆ, ಯಾಕಂದ್ರೆ ಲೆನ್ಸ್ ನಿಂತಿರೋದು ಬಿಳಿ ಭಾಗದ ಮೇಲೆ. ಪವರ್ ಒಂದು ಸಲ ನೋಡಿಸ್ಕೋಬೇಕು. ಮುಂದಿನ ತಿಂಗಳುಗಳಲ್ಲಿ ಕಾರ್ನಿಯಾ ಸ್ವಲ್ಪ ಚಪ್ಪಟೆ ಆಗೋದುಂಟು, ಅದು ಕ್ರಾಸ್ ಲಿಂಕಿಂಗಿನ ಕೆಲಸ, ಲೆನ್ಸಿನದ್ದಲ್ಲ.

ಮೊದಲ ದಿನ ಲೆನ್ಸಿಗೂ ಕಾರ್ನಿಯಾಗೂ ನಡುವಿನ ಜಾಗ 300 ಮೈಕ್ರಾನ್ ಇದೆ ಅಂದ್ರು, ಸಂಜೆ ನೋಡಿದಾಗ 200 ಅಂದ್ರು. ಕೋನ್ ಒಂದೇ ದಿನದಲ್ಲಿ ಬೆಳೀತಾ?

ಕೋನ್ ಬೆಳೆದಿಲ್ಲ, ಲೆನ್ಸ್ ಇಳಿದಿದೆ. ಹೊಸ ಹಾಸಿಗೆ ಮೇಲೆ ಕೂತ್ರೆ ಕುಸಿಯುತ್ತಲ್ಲ, ಹಾಗೆ ಅಂಚು ಮೆತ್ತಗಿನ ಪೊರೆಯೊಳಗೆ ಕೂರ್ತಾ ಹೋಗುತ್ತೆ, ಕೆಲವು ಗಂಟೆಯಲ್ಲಿ ಸುಮಾರು 100 ಮೈಕ್ರಾನ್ ಇಳಿಯೋದು ಮಾಮೂಲು. ಅದನ್ನ ಲೆಕ್ಕ ಹಾಕಿಯೇ ಮೊದಲು ಜಾಸ್ತಿ ಜಾಗ ಬಿಟ್ಟಿರ್ತಾರೆ. ಅದಕ್ಕೇ ಟ್ರಯಲ್ ದಿನ ಹಾಕಿದ ಐದು ನಿಮಿಷಕ್ಕೆ ಎದ್ದು ಬರಬೇಡಿ, ಗಂಟೆಗಟ್ಟಲೆ ಕೂತು ಮತ್ತೆ ತೋರಿಸಿ. ತಿಂಗಳುಗಳ ಮೇಲೆ ಅದೇ ಲೆನ್ಸಲ್ಲಿ, ಅಷ್ಟೇ ಗಂಟೆ ಹಾಕಿ ನೋಡಿದಾಗಲೂ ಜಾಗ ಕಡಿಮೆ ಆಗ್ತಾ ಬಂದ್ರೆ ಮಾತ್ರ ಕೋನ್ ಮುಂದೆ ಬರ್ತಿದೆಯಾ ಅಂತ ಸ್ಕ್ಯಾನ್ ಮಾಡಿಸ್ಬೇಕು.

ಕೋನ್ ತುಂಬಾ ಮುಂದಿದೆ, ಕಾರ್ನಿಯಾ ಬದಲಾಯಿಸೋದೇ ದಾರಿ ಅಂತಾರೆ. ಲೆನ್ಸ್ ಟ್ರೈ ಮಾಡೋದ್ರಲ್ಲಿ ಅರ್ಥ ಇದೆಯಾ?

ಇದೆ, ಕಲೆ ಬಿದ್ದು ಪಾರದರ್ಶಕತೆ ಹೋಗಿಲ್ಲ ಅಂದ್ರೆ ಖಂಡಿತ ಕೇಳಿ. ಬೆಲ್ಜಿಯಂನಲ್ಲಿ ಕೆ-ಮ್ಯಾಕ್ಸ್ 70 ಡಯಾಪ್ಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದ ಕಣ್ಣುಗಳಿಗೆ ಸ್ಕ್ಲೀರಲ್ ಹಾಕಿ ನೋಡಿದ ಅಧ್ಯಯನ 2018ರಲ್ಲಿ ಬಂತು, 51 ಕಣ್ಣಲ್ಲಿ 40 ಲೆನ್ಸಿನಲ್ಲೇ ಚೆನ್ನಾಗಿ ನಡೆದ್ವು, ಲೆನ್ಸ್ ಇಲ್ಲದಿದ್ರೆ ಅವು ಆಪರೇಷನ್ನಿಗೆ ಹೋಗಬೇಕಿತ್ತು.

ಕಾರ್ನಿಯಾ ಈಗಾಗ್ಲೇ ಬದಲಾಯಿಸಿದವರೂ ಸ್ಕ್ಲೀರಲ್ ಹಾಕ್ತಾರೆ, ಆದ್ರೆ ಅವರಲ್ಲಿ ಒಳಪದರದ ಜೀವಕೋಶಗಳು ಎಷ್ಟು ಉಳಿದಿವೆ ಅಂತ ಮೊದಲು ಎಣಿಸ್ಬೇಕು. ನೀರನ್ನ ಹೊರಗೆ ಪಂಪ್ ಮಾಡೋದು ಆ ಕೋಶಗಳೇ, ಅವು ಕಡಿಮೆ ಇದ್ರೆ ಬೇರೆಯವರಿಗೆ ಏನೂ ಅನ್ನಿಸದ ಊತ ಅಲ್ಲಿ ಕಸಿಗೇ ತೊಂದರೆ ಕೊಡಬಹುದು. ಗ್ಲಾಕೋಮಾಗೆ ಆಪರೇಷನ್ ಆದವರೂ ಮೊದಲೇ ಹೇಳಿಬಿಡಿ.

ಮಗನಿಗೆ 14 ವರ್ಷ. ಲೆನ್ಸ್ ಹಾಕಿದ ಮೇಲೆ ಬೋರ್ಡ್ ಚೆನ್ನಾಗಿ ಕಾಣ್ತಿದೆ ಅಂತಾನೆ. ಇನ್ನು ವರ್ಷಕ್ಕೊಂದು ಸಲ ತೋರಿಸಿದ್ರೆ ಸಾಕಲ್ವಾ?

ಸಾಕಾಗಲ್ಲ. ಮಕ್ಕಳಲ್ಲಿ ಇದು ದೊಡ್ಡವರಿಗಿಂತ ಬೇಗ ಏರುತ್ತೆ, ಮೂರು ತಿಂಗಳಿಗೋ ಆರು ತಿಂಗಳಿಗೋ ನೋಡಬೇಕಾಗುತ್ತೆ. ಲೆನ್ಸಲ್ಲಿ ಚೆನ್ನಾಗಿ ಕಾಣ್ತಿದೆ ಅನ್ನೋದು ಒಳಗೆ ಏನಾಗ್ತಿದೆ ಅಂತ ಹೇಳಲ್ಲ, ಕೋನ್ ಬೆಳೀತಿದ್ರೂ ಸಲೈನ್ ಅದನ್ನ ತುಂಬಿ ಸಮ ಮಾಡ್ತಾನೇ ಇರುತ್ತೆ, ಹುಡುಗನಿಗೆ ಗೊತ್ತೇ ಆಗಲ್ಲ. ಮತ್ತೆ ಲೆನ್ಸ್ ತೆಗೆದ ಮೇಲೆ ಅವನು ಏನು ಮಾಡ್ತಾನೆ ನೋಡಿ. ನಮ್ಮಲ್ಲಿ ಎಲ್ಲರೂ ತೆಗೆದ ತಕ್ಷಣ ಮುಷ್ಟಿ ಕಟ್ಟಿ ಕಣ್ಣು ಉಜ್ಜೋರೇ, ಹತ್ತು ಗಂಟೆ ಕಾದಿದ್ದ ತುರಿಕೆ ಅದು, ಅಷ್ಟು ಸುಖ. ಆ ಉಜ್ಜಾಟ ಕಾರ್ನಿಯಾಕ್ಕೆ ಲೆನ್ಸಿಗಿಂತ ಎಷ್ಟೋ ಪಾಲು ಕೆಟ್ಟದ್ದು. ಬೈಬೇಡಿ, ಅಲರ್ಜಿಯ ಹನಿ ಕೇಳಿ ತಗೊಳ್ಳಿ, ತಣ್ಣೀರಲ್ಲಿ ಅದ್ದಿ ಹಿಂಡಿದ ಶುಭ್ರ ಬಟ್ಟೆ ಮುಚ್ಚಿದ ರೆಪ್ಪೆ ಮೇಲೆ ಇಡಿ, ಒತ್ತದೆ. ನಮ್ಮಮ್ಮ ಈಗಲೂ ರಾತ್ರಿ ನಾನು ಲೆನ್ಸ್ ತೆಗೆಯೋ ಹೊತ್ತಿಗೆ ಆ ಬಟ್ಟೆ ಹಿಡ್ಕೊಂಡು ಪಕ್ಕದಲ್ಲಿ ನಿಂತಿರ್ತಾರೆ.